ಗೆಳೆಯನ ಪುಸ್ತಕಕ್ಕೆ ನಾವು ತೆರಬೇಕಾದ ಬೆಲೆ

ನಮ್ಮ ಮಿತ್ರರೊಬ್ಬರು ತಮ್ಮ ಉಳಿತಾಯದ ಹಣದಿಂದ ಕಥಾಸಂಕಲನವೊಂದನ್ನು ಅಚ್ಚು ಹಾಕಿಸಿದರು. ಬಿಡುಗಡೆಯ ದಿನ ನಾವೆಲ್ಲರೂ ಹೋಗಿ, ಫೋಟೋ ತೆಗೆಸಿಕೊಂಡು, ಗೌರವ ಪ್ರತಿ ಪಡೆದು ಮರಳಿದೆವು. ಕೆಲವು ತಿಂಗಳುಗಳ ಬಳಿಕ ಅವರು ಸಂಕೋಚದಿಂದಲೇ, "ಓದಿದಿರಾ?" ಎಂದು ಕೇಳಿದರು. "ಬಹಳ ಚೆನ್ನಾಗಿದೆ" ಎಂದುಬಿಟ್ಟೆವು. "ಯಾವ ಕಥೆ ಹಿಡಿಸಿತು?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ನಮ್ಮ ಮುಜುಗರವನ್ನು ಅರಿತು ಮಾತು ಬದಲಿಸಿದರು. ಪುಸ್ತಕವನ್ನು ಓದದಿದ್ದುದು ಆಲಸ್ಯ, ಓದಿದೆವೆಂದದ್ದು ಸುಳ್ಳು. ಸ್ನೇಹದ ಹೆಸರಿನಲ್ಲಿ ನಾವು ಆಡುವ ಇಂತಹ ಸುಳ್ಳುಗಳ ಕುರಿತು ಯೋಚಿಸಬೇಕಾದ ಅಗತ್ಯವಿದೆ.

ತನ್ನ ಪುಸ್ತಕವನ್ನು ತಾನೇ ಪ್ರಕಟಿಸುವವನ ಹೊರೆಯನ್ನು ನಾವು ಅರಿತಿರುವುದು ಕಡಿಮೆ. ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಮುಖಪುಟ, ಕಾಗದ, ಮುದ್ರಣ, ಸಾಗಣೆ ಇವೆಲ್ಲದರ ಖರ್ಚೂ ಅವನದೇ. ಸಾಮಾನ್ಯವಾಗಿ ಹದಿನಾರು ಪುಟಗಳಿಗೆ ಒಂದು ಫಾರಂ ಎಂಬ ಲೆಕ್ಕವಿದೆ. 160 ಪುಟಗಳ ಪುಸ್ತಕವೆಂದರೆ 10 ಫಾರಂ. ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದು ಪ್ರತಿಯ ಮೇಲಿನ ವೆಚ್ಚ ಏರುತ್ತದೆ. ಅಂಗಡಿಯ ಮೂಲಕ ಮಾರಿದರೆ ಮುಖಬೆಲೆಯ ದೊಡ್ಡ ಪಾಲು ರಿಯಾಯಿತಿಯಾಗಿ ಹೋಗುತ್ತದೆ, ಉಳಿದ ಹಣ ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಇಂತಹವನು 500 ಪ್ರತಿ ಮುದ್ರಿಸಿ, ಬಂಧುಮಿತ್ರರಿಗೆಂದು 100 ಪ್ರತಿ ಉಚಿತವಾಗಿ ಹಂಚಿದರೆ, ಐದನೆಯ ಒಂದು ಭಾಗವನ್ನು ನಾವೇ ಕಸಿದುಕೊಂಡಂತಾಯಿತು. ಮಿತ್ರನು ಬಟ್ಟೆಯಂಗಡಿ ತೆರೆದರೆ ಪುಕ್ಕಟೆ ಅಂಗಿ ಕೇಳಲು ನಾಚುವ ನಾವು, ಅವನು ಪುಸ್ತಕ ತಂದಾಗ ಮಾತ್ರ "ನಮಗೊಂದು ಪ್ರತಿ ಇಲ್ಲವೇ?" ಎಂದು ಹಕ್ಕಿನಿಂದ ಕೇಳುತ್ತೇವೆ.

ಸ್ವಯಂ ಪ್ರಕಟಣೆಯೆಂದರೆ ಬೇರೆಲ್ಲೂ ಸಲ್ಲದವರ ದಾರಿ ಎಂಬ ಅಸಡ್ಡೆಯೂ ನಮ್ಮಲ್ಲಿದೆ. ಕನ್ನಡದ ಚರಿತ್ರೆ ಹಾಗೆ ಹೇಳುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ ಸತೀ ಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕೃತಿಗಳನ್ನು ತಾವೇ ಹೊರತಂದರು. ಮುಸ್ಲಿಂ ಮಹಿಳೆಯರ ಬದುಕನ್ನು ಕನ್ನಡ ಕಾದಂಬರಿಗೆ ತಂದ ಸಾರಾ ಅಬೂಬಕ್ಕರ್ ಅವರು ಹೆಸರು ಮಾಡಿದ ಮೇಲೆಯೂ 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನವನ್ನು ಕಟ್ಟಿದರು. ಲೇಖಕರೇ ಪ್ರಕಾಶಕರಾಗುವುದು ನಮ್ಮ ನಾಡಿನಲ್ಲಿ ಗೌರವದ ಹಾದಿಯೇ ಆಗಿತ್ತು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲ ನೆರವು ಮುದ್ರಣಕ್ಕೆ ಮುನ್ನವೇ ಸಲ್ಲಬೇಕು. ಹಸ್ತಪ್ರತಿಯನ್ನು ಓದಿ, ಎಲ್ಲಿ ಬೇಸರವಾಯಿತು, ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಏಕಾಂತದಲ್ಲಿ ನೇರವಾಗಿ ತಿಳಿಸಬೇಕು. ಅಚ್ಚಾದ ಮೇಲೆ ಕಾಣುವ ತಪ್ಪು ಉಳಿದೇಬಿಡುತ್ತದೆ. ಕರಡಿನಲ್ಲಿ ಕಂಡ ತಪ್ಪು ಒಂದು ಗೀಟಿನಿಂದ ಹೋಗುತ್ತದೆ. ಬಿಡುಗಡೆಯ ವೇದಿಕೆಯಲ್ಲಿ ಹೊಗಳುವ ಹತ್ತು ಮಂದಿಗಿಂತ ಕರಡು ತಿದ್ದಿಕೊಡುವ ಒಬ್ಬ ಮಿತ್ರ ಹೆಚ್ಚು ಉಪಕಾರಿ.

ಎರಡನೆಯದು, ಹಣ ಕೊಟ್ಟು ಕೊಳ್ಳುವುದು. ಅವರು ಪ್ರೀತಿಯಿಂದ ಪ್ರತಿ ಕೊಟ್ಟರೆ ಅದನ್ನು ಸ್ವೀಕರಿಸಿ, ಇನ್ನೊಂದನ್ನು ಕೊಂಡು ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆಯಾಗಿ ನೀಡಬಹುದು. ಕೊಳ್ಳುವ ಶಕ್ತಿ ಇಲ್ಲದವರು ಊರಿನ ಗ್ರಂಥಾಲಯದಲ್ಲಿ, ಮಕ್ಕಳ ಶಾಲೆಯಲ್ಲಿ, ಮಸೀದಿಯ ವಾಚನಾಲಯದಲ್ಲಿ ಪುಸ್ತಕವನ್ನು ತರಿಸುವಂತೆ ಕೇಳಬಹುದು, ಅದಕ್ಕೆ ಖರ್ಚಿಲ್ಲ. ಮಿತ್ರನದು ಮೊದಲ ಕೃತಿಯಾಗಿದ್ದರೆ, ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪ್ರೋತ್ಸಾಹಧನದ ವಿಷಯವನ್ನು ಅವನ ಕಿವಿಗೆ ಹಾಕುವುದೂ ಒಂದು ನೆರವೇ. ಹಾಗೆಯೇ, ಪುಸ್ತಕದ ಪುಟಗಳನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹರಿಯಬಿಡುವುದು ಪ್ರಚಾರವಲ್ಲ. ಅದು ಅವನ ದುಡಿಮೆಯ ಫಲವನ್ನು ಅನುಮತಿಯಿಲ್ಲದೆ ಹಂಚುವುದು.

ಮೂರನೆಯದು, ಓದುವುದು ಮತ್ತು ಓದಿದ್ದನ್ನು ಹೇಳುವುದು. "ಅಭಿನಂದನೆಗಳು" ಎಂಬ ಒಂದು ಪದಕ್ಕಿಂತ, "ನಿಮ್ಮ ಮೂರನೆಯ ಕಥೆಯ ಅಜ್ಜಿ ನಮ್ಮ ಅಜ್ಜಿಯನ್ನು ನೆನಪಿಸಿದಳು" ಎಂಬ ಒಂದು ಸಾಲು ಬರೆಯುವವನಿಗೆ ಎಷ್ಟೋ ದಿನಗಳ ಬಲ ಕೊಡುತ್ತದೆ.

ಪುಸ್ತಕ ನಿಜವಾಗಿಯೂ ಚೆನ್ನಾಗಿಲ್ಲದಿದ್ದರೆ? ಈ ಪ್ರಶ್ನೆ ನ್ಯಾಯವಾದುದು. ಕೊಳ್ಳುವುದು ಸ್ನೇಹ, ಹೊಗಳುವುದು ಸಾಕ್ಷ್ಯ. ಸ್ನೇಹಕ್ಕಾಗಿ ಹಣ ವ್ಯಯಿಸಬಹುದು, ಸುಳ್ಳು ಸಾಕ್ಷ್ಯ ನುಡಿಯಲಾಗದು. ಓದದೆಯೇ ಐದು ನಕ್ಷತ್ರ ಕೊಟ್ಟು ಬರೆಯುವ ವಿಮರ್ಶೆ, ಅದನ್ನು ನಂಬಿ ಹಣ ತೆರುವ ಅಪರಿಚಿತ ಓದುಗನಿಗೆ ಮಾಡುವ ಮೋಸ. ಮೆಚ್ಚುವಂತಹುದೇನಾದರೂ ಇದ್ದರೆ ಅದನ್ನು ಮಾತ್ರ ಹೇಳೋಣ. ಉಳಿದುದನ್ನು ಮೃದುವಾಗಿ, ಮಿತ್ರನಿಗಷ್ಟೇ ತಿಳಿಸೋಣ. ಹುಸಿ ಹೊಗಳಿಕೆಯಿಂದ ಅವನ ಮುಂದಿನ ಪುಸ್ತಕವೂ ಕೆಡುತ್ತದೆ.

ನಮ್ಮ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಅಡುಗೆ ಕೆಲಸ ಮುಗಿದ ಮೇಲೆ ನೋಟುಪುಸ್ತಕದಲ್ಲಿ ಬರೆಯುವವರಿದ್ದಾರೆ. ಸುತ್ತಲಿನವರು ಮೊದಲ ಪುಸ್ತಕವನ್ನು ಹೇಗೆ ಬರಮಾಡಿಕೊಂಡರು ಎಂಬುದರ ಮೇಲೆ ಎರಡನೆಯದು ಬರುವುದೋ ಇಲ್ಲವೋ ನಿಂತಿರುತ್ತದೆ. ನಮ್ಮ ಬದುಕನ್ನು ಬೇರೆಯವರು ತಪ್ಪಾಗಿ ಬರೆಯುತ್ತಾರೆಂದು ದೂರುವ ನಾವು, ನಮ್ಮ ನಡುವೆಯೇ ಬರೆಯುವವರನ್ನು ಓದದಿದ್ದರೆ ಆ ದೂರಿಗೆ ಅರ್ಥವಿಲ್ಲ.

ಕೊನೆಗೂ ನಾವು ಆ ಸಂಕಲನವನ್ನು ಓದಿದೆವು. ಎರಡು ಕಥೆಗಳು ಬಹಳ ಹಿಡಿಸಿದವು, ಒಂದು ಹಿಡಿಸಲಿಲ್ಲ. ಅಂದು ಸುಳ್ಳು ಹೇಳಿದ್ದೆವೆಂಬುದನ್ನೂ ಸೇರಿಸಿ ಎಲ್ಲವನ್ನೂ ಮಿತ್ರರಿಗೆ ತಿಳಿಸಿದೆವು. ಅವರು ಹಿಡಿಸದ ಕಥೆಯ ಬಗ್ಗೆಯೇ ಒಂದು ಗಂಟೆ ಮಾತನಾಡಿದರು. ಅವರು ಅಷ್ಟು ಸಂತೋಷದಿಂದ ಮಾತನಾಡಿದ್ದನ್ನು ಬಿಡುಗಡೆಯ ದಿನವೂ ನಾವು ಕಂಡಿರಲಿಲ್ಲ.