ಕೆರೆಯ ದಡದ ದಾರಿ

ನಗರವಾಸಿಗೆ ನಡಿಗೆಯೆಂಬುದು ಒಂದು ಕಾಲಕ್ಕೆ ಬದುಕಿನ ಸಹಜ ಅಂಗವಾಗಿತ್ತು. ಇಂದು ಅದು ಬಿಡುವು ಮಾಡಿಕೊಂಡು ಆಚರಿಸಬೇಕಾದ ವ್ರತವಾಗಿದೆ. ವಾಹನಗಳ ದಟ್ಟಣೆ, ಹೊಗೆ, ಕಿವಿಗಡಚಿಕ್ಕುವ ಸದ್ದು ಇವುಗಳ ನಡುವೆ ನಿಶ್ಚಿಂತೆಯಿಂದ ಹೆಜ್ಜೆ ಹಾಕಬಲ್ಲ ಸ್ಥಳಗಳು ಪಟ್ಟಣಗಳಲ್ಲಿ ವಿರಳ. ಆದುದರಿಂದಲೇ ಮುಂಜಾನೆ ಸಂಜೆಗಳಲ್ಲಿ ಜನರು ನೀರಿರುವೆಡೆಯನ್ನು ಅರಸಿಕೊಂಡು ಹೋಗುತ್ತಾರೆ. ನೀರನ್ನು ಬಳಸಿ ಹೋಗುವ ದಾರಿಗೆ ಒಂದು ವಿಶೇಷ ಗುಣವುಂಟು. ಅದಕ್ಕೆ ಮೊದಲೆಂಬುದಿಲ್ಲ, ಕೊನೆಯೆಂಬುದೂ ಇಲ್ಲ. ಎಲ್ಲಿಂದ ಹೊರಟರೂ ಅಲ್ಲಿಗೇ ಮರಳಬಹುದು. ಅಲ್ಲಿ ಧನಿಕನೂ ಬಡವನೂ ಒಂದೇ ಗಾಳಿಗೆ ಮುಖವೊಡ್ಡಿ ನಡೆಯುತ್ತಾರೆ. ಆದರೆ ಆ ದಾರಿಯಲ್ಲಿ ನಡೆಯುವವರಿಗೂ ಆ ನೀರಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಮೆ.

ಕುಮಾವೂನ್ ಬೆಟ್ಟಗಳ ನಡುವಿನ ನೈನಿತಾಲಿನಂಥ ಊರಿಗೆ ಪ್ರಕೃತಿಯೇ ಸರೋವರವನ್ನು ಕೊಟ್ಟಿದೆ. ಕನ್ನಡ ನಾಡಿನ ಬಯಲುಸೀಮೆಗೆ ಆ ಭಾಗ್ಯವಿಲ್ಲ. ಇಲ್ಲಿಯ ಜಲಾಶಯಗಳು ಬಹುಮಟ್ಟಿಗೆ ಮನುಷ್ಯರ ಕೈಯಿಂದ ನಿರ್ಮಾಣವಾದ ಕೆರೆಗಳು. ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿದರು. ನೀರು ಬಿಡಲು ತೂಬನ್ನೂ, ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೂ ಕಟ್ಟಿದರು. ಕಾಲಾಂತರದಲ್ಲಿ ಪ್ರಕೃತಿ ಆ ಕೆರೆಗಳನ್ನು ತನ್ನವಾಗಿಸಿಕೊಂಡಿತು. ಅಂಚಿನಲ್ಲಿ ಜೊಂಡು ಬೆಳೆಯಿತು, ಮೀನು ಹೆಚ್ಚಿತು, ಹಕ್ಕಿಗಳು ಬಂದು ನೆಲಸಿದವು. ಹೊಸದಾಗಿ ನೋಡಿದವರಿಗೆ ಅವು ಸಹಜ ಸರೋವರಗಳಂತೆಯೇ ತೋರುತ್ತವೆ.

ಆದರೆ ಕೆರೆ ತಾನಾಗಿ ಉಳಿಯುವುದಿಲ್ಲ, ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಈ ಸತ್ಯವನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಕೆರೆಯ ಪಾಲನೆಗಾಗಿ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಕರ್ನಾಟಕದ ಅನೇಕ ಶಾಸನಗಳು ತಿಳಿಸುತ್ತವೆ. ಕೆರೆಯಿದ್ದ ಊರುಗಳಲ್ಲಿ ನೀರಗಂಟಿಯೆಂಬ ಕಾವಲುಗಾರನಿದ್ದನು. ಅವನು ಏರಿಯ ಮೇಲೆ ನಡೆದು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಇಲಿ ಹೆಗ್ಗಣಗಳು ಬಿಲ ತೋಡಿವೆ ಎಂದು ನೋಡುತ್ತಿದ್ದನು; ತೂಬನ್ನು ತೆರೆದು ಮುಚ್ಚುತ್ತಿದ್ದನು; ಕಾಲುವೆಯ ಗುಂಟ ಸಾಗಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದನು. ಕೆರೆಯ ದಡದ ಮೊದಲ ಪಾದಚಾರಿ ಅವನೇ. ಅವನ ನಡಿಗೆ ವಿಹಾರವಲ್ಲ, ಊರಿನ ಪರವಾಗಿ ಮಾಡಿದ ಕಾವಲು.

ನಗರಗಳು ಬೆಳೆದಂತೆ ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದವು. ಗದ್ದೆ ಹೋದ ಮೇಲೆ ತೂಬಿಗೆ ಕೆಲಸವಿಲ್ಲ. ತೂಬಿಗೆ ಕೆಲಸವಿಲ್ಲದ ಮೇಲೆ ನೀರಗಂಟಿಗೆ ಸ್ಥಾನವಿಲ್ಲ. ಕಾಯುವವರಿಲ್ಲದ ಕೆರೆ ಬರಿಯ ಖಾಲಿ ನಿವೇಶನವಾಗಿ ಕಂಡಿತು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಉಳಿದ ಕೆರೆಗಳನ್ನು ರಕ್ಷಿಸುವ ಮಾರ್ಗವನ್ನು ಸೂಚಿಸಲು ಸರ್ಕಾರವು ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿತು. 1986ರಲ್ಲಿ ಅದರ ವರದಿ ಬಂದಿತು. ಆ ವೇಳೆಗೆ ಹಲವು ಕೆರೆಗಳು ಹೆಸರಿನಲ್ಲಿ ಮಾತ್ರ ಉಳಿದಿದ್ದವು.

ಇಂಥ ಕಾಲದಲ್ಲಿ ಕೆರೆಗೆ ಹೊಸ ನೆಂಟನಾಗಿ ಬಂದವನು ವಾಯುವಿಹಾರಿ. ಮೈಸೂರಿನ ಕುಕ್ಕರಹಳ್ಳಿ ಕೆರೆ ಇದಕ್ಕೆ ಉತ್ತಮ ನಿದರ್ಶನ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ವ್ಯವಸಾಯಕ್ಕೆಂದು ಕಟ್ಟಿಸಿದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅದರ ಒತ್ತಿನಲ್ಲಿಯೇ 1960ರಲ್ಲಿ ಮಾನಸಗಂಗೋತ್ರಿ ಸ್ಥಾಪಿತವಾಯಿತು. ಆಗ ಕುಲಪತಿಗಳಾಗಿದ್ದ ಕುವೆಂಪು ಅವರು ಈ ದಡದಲ್ಲಿ ಸಂಚರಿಸುತ್ತಿದ್ದುದು ಸುಪ್ರಸಿದ್ಧ. ಇಂದಿಗೂ ಬೆಳಕು ಹರಿಯುವ ಮೊದಲೇ ಅಲ್ಲಿ ಹೆಜ್ಜೆಯ ಸಪ್ಪಳ ಕೇಳತೊಡಗುತ್ತದೆ. ವಿಶ್ರಾಂತ ನೌಕರರು, ವಿದ್ಯಾರ್ಥಿಗಳು, ವೈದ್ಯರ ಸಲಹೆಯಂತೆ ಬಂದವರು, ಏನೂ ಕಾರಣವಿಲ್ಲದೆ ಬಂದವರು ಎಲ್ಲರೂ ಮರಗಳ ನೆರಳಿನ ದಾರಿಯಲ್ಲಿ ಸಾಗುತ್ತಾರೆ. ನಡುವಿನ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕುಳಿತಿರುತ್ತವೆ. ಇಂಥ ಕೆರೆಯನ್ನು ಯಾರಾದರೂ ಮುಚ್ಚಹೊರಟರೆ ಊರೇ ಎದ್ದು ನಿಲ್ಲುತ್ತದೆ. ಕಂಡದ್ದನ್ನು ಮಾತ್ರ ಮನುಷ್ಯ ಪ್ರೀತಿಸಬಲ್ಲ. ಪ್ರೀತಿಸಿದ್ದನ್ನು ಮಾತ್ರ ಅವನು ಕಾಯಬಲ್ಲ. ದಡದ ದಾರಿಯಿಂದಾಗುವ ಪರಮ ಉಪಕಾರವೇ ಇದು.

ಆದರೆ ಎಲ್ಲ ದಾರಿಯೂ ಕೆರೆಗೆ ಹಿತವಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಹಲವೆಡೆ ಕೆರೆಯ ಅಂಗಳವನ್ನು ಆಳವಾಗಿ ತೋಡಿ, ಆ ಮಣ್ಣನ್ನೇ ಸುತ್ತಲೂ ಏರಿಸಿ, ಅದರ ಮೇಲೆ ನಡೆದಾಡುವ ಹಾದಿಯನ್ನು ಮಾಡುವುದುಂಟು. ಆಗ ಕೆರೆ ಬೋಗುಣಿಯಂತಾಗುತ್ತದೆ. ಕೆರೆಯ ಜೀವ ಇರುವುದು ನಡುವಿನ ಆಳದಲ್ಲಿ ಮಾತ್ರವಲ್ಲ. ಮೊಣಕಾಲುದ್ದ ನೀರಿರುವ ಅಂಚಿನಲ್ಲಿಯೂ ಇದೆ. ಮೀನಿನ ಮರಿ ಬೆಳೆಯುವುದು ಅಲ್ಲಿ, ಬೆಳ್ಳಕ್ಕಿ ಮೇಯುವುದು ಅಲ್ಲಿ, ಹರಿದುಬಂದ ಕೊಳೆಯನ್ನು ಜೊಂಡು ಹೀರಿಕೊಳ್ಳುವುದೂ ಅಲ್ಲಿಯೇ. ಆ ಅಂಚನ್ನು ಅಳಿಸಿ ಮಾಡಿದ ದಾರಿ ಕೆರೆಗೆ ಹಾರವಲ್ಲ, ಉರುಳು. ಹಾಗೆಯೇ, ಬೇಲಿ ಹಾಕಿ ದನಗಾಹಿಯನ್ನೂ ಮಡಿವಾಳನನ್ನೂ ಮೀನುಗಾರನನ್ನೂ ಹೊರಗಿಟ್ಟು, ವಿಹಾರಕ್ಕೆ ಬರುವವರಿಗೆ ಮಾತ್ರ ಬಾಗಿಲು ತೆರೆಯುವುದು ನ್ಯಾಯವಲ್ಲ. ಅವರ ಸಂಬಂಧ ವಿಹಾರಿಯ ಸಂಬಂಧಕ್ಕಿಂತ ಹಳೆಯದು.

ಈ ವಿಷಯದಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಅನುಭವ ಮನನೀಯವಾದುದು. ಅಲ್ಲಿ ಹಿಮನದಿಗಳ ಕಾಲದಲ್ಲಿ ಉಂಟಾದ ಸಹಜ ಸರೋವರಗಳಿವೆ. 1883ರಲ್ಲಿಯೇ ಅಲ್ಲಿಯ ಜನರು ಉದ್ಯಾನ ಮಂಡಲಿಯೊಂದನ್ನು ಸ್ಥಾಪಿಸಿಕೊಂಡರು. ನಗರವು ವಿಸ್ತರಿಸಿ ಭೂಮಿಯ ಬೆಲೆ ಏರುವ ಮುನ್ನವೇ ನೆಲವನ್ನು ಸಾರ್ವಜನಿಕರಿಗಾಗಿ ಪಡೆದಿಡಬೇಕೆಂದು ಹೊರೇಸ್ ಕ್ಲೀವ್‌ಲೆಂಡ್ ಎಂಬ ವಿನ್ಯಾಸಕಾರರು ಅದೇ ವರ್ಷ ಸಲಹೆಯಿತ್ತರು. ಅದರ ಫಲವಾಗಿ ಇಂದು ಅಲ್ಲಿಯ ಮುಖ್ಯ ಸರೋವರಗಳ ದಡದಲ್ಲಿ ಯಾರು ಬೇಕಾದರೂ ಪೂರ್ತಿ ಸುತ್ತು ಬರಬಹುದು. ಆದರೆ ಅವರೂ ಒಂದು ತಪ್ಪು ಮಾಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕಾಗಿ ಸರೋವರಗಳ ಹೂಳೆತ್ತಿ, ಸುತ್ತಲಿನ ಜೌಗನ್ನು ತುಂಬಿಸಿದರು. ಮುಂದೆ ಬೀದಿಗಳ ಕೊಳೆನೀರು ನೇರವಾಗಿ ಸರೋವರಗಳಿಗೆ ನುಗ್ಗಿತು. 1990ರ ದಶಕದಲ್ಲಿ ಅದೇ ನಗರ ಹಣ ವೆಚ್ಚಮಾಡಿ ಕೃತಕ ಜೌಗುಗಳನ್ನು ನಿರ್ಮಿಸಬೇಕಾಯಿತು. ಪ್ರಕೃತಿ ಬಿಟ್ಟಿಯಾಗಿ ಕೊಟ್ಟಿದ್ದುದನ್ನು ಕಳೆದುಕೊಂಡು, ಮತ್ತೆ ಬೆಲೆ ತೆತ್ತು ಕೊಂಡುಕೊಂಡಂತಾಯಿತು.

ದಡದ ದಾರಿಗೆ ಇನ್ನೊಂದು ಕೊರತೆಯೂ ಇದೆ. ಎಲ್ಲಕ್ಕಿಂತ ದೊಡ್ಡದು ಅದೇ. ದಾರಿ ಕೆರೆಯನ್ನು ಮಾತ್ರ ಸುತ್ತುತ್ತದೆ. ಕೆರೆಗೆ ನೀರು ತರುವ ಕಾಲುವೆಯತ್ತ ಸುಳಿಯುವುದಿಲ್ಲ. ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಲು ತೊಡಗಿ, ಪೂರ್ಣಗೊಳ್ಳದೆ ಉಳಿದ ಕಾಲುವೆ ಕುಕ್ಕರಹಳ್ಳಿ ಕೆರೆಗೆ ಮಳೆನೀರನ್ನು ತರುವ ಮಾರ್ಗವಾಗಿತ್ತು. ಬಡಾವಣೆಗಳು ಎದ್ದಂತೆ ಅದು ಅಲ್ಲಲ್ಲಿ ಕಡಿದುಹೋಯಿತು. ಕೆರೆಯನ್ನು ಸುತ್ತುವ ಸಾವಿರಾರು ಜನರಲ್ಲಿ ಆ ಕಾಲುವೆಯ ಜಾಡನ್ನು ಬಲ್ಲವರು ಕೆಲವರೇ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬಿದ್ದುದನ್ನು ಕಂಡು ಜಗತ್ತೇ ಬೆರಗಾಯಿತು. ಆ ಕೆರೆಯ ದುರ್ಗತಿಯ ಮೂಲ ಇದ್ದುದು ದಡದಲ್ಲಲ್ಲ, ದೂರದ ಮನೆಮನೆಗಳ ಕೊಳಚೆಯನ್ನು ಹೊತ್ತುತಂದ ಕಾಲುವೆಗಳಲ್ಲಿ. ಅದೇ ನಗರದ ಜಕ್ಕೂರು ಕೆರೆಯಲ್ಲಾದರೋ, ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಯನ್ನು ಸೇರುವಂತೆ ಏರ್ಪಾಡು ಮಾಡಲಾಯಿತು. ಬರುವ ನೀರನ್ನು ಗಮನಿಸಿದರೆ ಕೆರೆ ಉಳಿಯುತ್ತದೆ, ಗಮನಿಸದಿದ್ದರೆ ಉರಿಯುತ್ತದೆ.

ಆದುದರಿಂದ ನಗರದ ನಡಿಗೆಯ ಹಾದಿ ಕೆರೆಯ ದಡದಲ್ಲಿಯೇ ಮುಗಿಯಬಾರದು. ರಾಜಕಾಲುವೆಯ ಗುಂಟ ಮೇಲಕ್ಕೂ, ಕೋಡಿಯಿಂದ ಮುಂದಿನ ಕೆರೆಯತ್ತ ಕೆಳಕ್ಕೂ ಅದು ಸಾಗಬೇಕು. ದುರ್ವಾಸನೆ ಬೀರುವ ಕಾಲುವೆಯ ಪಕ್ಕದಲ್ಲಿ ಯಾರು ತಾನೆ ನಡೆದಾರು ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಾಲುವೆ ನಾರುತ್ತಿರುವುದು ಅಲ್ಲಿ ಯಾರೂ ನಡೆಯದಿರುವುದರಿಂದಲೂ ಹೌದು. ಕಣ್ಮರೆಯಾದ ಕಡೆಯಲ್ಲಿಯೇ ಕಸ ಸುರಿಯುವ ಧೈರ್ಯ ಬರುತ್ತದೆ. ಒತ್ತುವರಿಯ ಗೋಡೆ ಏಳುವುದೂ ಅಲ್ಲಿಯೇ. ನಿತ್ಯವೂ ನೂರು ಜನ ನಡೆಯುವ ದಾರಿಯಲ್ಲಿ ತಪ್ಪು ಮಾಡುವುದು ಸುಲಭವಲ್ಲ.

ಕೆರೆಯನ್ನು ಸುತ್ತಿ ಬಂದವನ ದೇಹಕ್ಕೆ ಆರೋಗ್ಯ ಲಭಿಸುತ್ತದೆ. ಅಷ್ಟರಿಂದಲೇ ಕೆರೆಗೆ ಆರೋಗ್ಯ ಬಾರದು. ಪಡೆದವನು ಹಿಂದಿರುಗಿ ಕೊಡಬೇಕಾದುದು ಧರ್ಮ. ಇಂದಿನ ಪೌರನು ತೂಬನ್ನು ತೆರೆಯಬೇಕಾಗಿಲ್ಲ, ಗದ್ದೆಗೆ ನೀರು ಹಾಯಿಸಬೇಕಾಗಿಲ್ಲ. ನೀರು ಎಲ್ಲಿಂದ ಬರುತ್ತಿದೆ, ಏನನ್ನು ಹೊತ್ತು ಬರುತ್ತಿದೆ, ಎಲ್ಲಿ ತಡೆದು ನಿಂತಿದೆ ಎಂಬುದನ್ನು ನಡೆಯುತ್ತ ನೋಡಿದರೆ, ನೋಡಿದುದನ್ನು ಹೇಳಬೇಕಾದವರಿಗೆ ಹೇಳಿದರೆ ಅಷ್ಟೇ ಸಾಕು. ನೀರಗಂಟಿಯ ಕಾಯಕ ಅಳಿದಿಲ್ಲ. ಅದು ಒಬ್ಬನ ಹೆಗಲಿನಿಂದ ಇಳಿದು ಊರಿನವರೆಲ್ಲರ ಹೆಗಲನ್ನು ಏರಿದೆ.