ಅವಮೌದರ್ಯವನ್ನು ಮರೆತ ಶ್ರಾವಕರು

“ನಾವು ಮಾಂಸ ತಿನ್ನುವವರಲ್ಲ, ಮದ್ಯ ಮುಟ್ಟುವವರಲ್ಲ; ಹೃದಯರೋಗ ನಮಗೇಕೆ ಬಂದೀತು?” ನಮ್ಮ ಸಮಾಜದಲ್ಲಿ ಪದೇ ಪದೇ ಕೇಳಿಬರುವ ಈ ಮಾತಿನಲ್ಲಿ ಶಾಸ್ತ್ರಜ್ಞಾನಕ್ಕಿಂತ ಅಹಂಕಾರವೇ ಹೆಚ್ಚು.

ನನ್ನ ತಮ್ಮನೂ ಇದೇ ಮಾತನ್ನಾಡುತ್ತಿದ್ದ. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ತಪ್ಪಿಸಿದವನಲ್ಲ. ಸೂರ್ಯಾಸ್ತದ ಬಳಿಕ ಅನ್ನ ಮುಟ್ಟಿದವನಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಹೊತ್ತು ಮುಳುಗುವ ಮುನ್ನ ಕರಿದದ್ದನ್ನೂ ಸಿಹಿಯನ್ನೂ ಹೊಟ್ಟೆ ಬಿರಿಯುವಂತೆ ತಿನ್ನುತ್ತಿದ್ದ. ಎದೆನೋವು ಬಂದ ದಿನ ‘ವಾಯು’ ಎಂದು ಓಮಿನ ನೀರು ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. ಆಗ ಅವನಿಗೆ 52 ವರ್ಷ. ಅವನ ಮೊದಲ ವರ್ಷದ ಪುಣ್ಯತಿಥಿಗೆ ನಾನು ಮಾಡಿಸಿದ ಭೋಜನದಲ್ಲಿ ಮೂರು ಬಗೆಯ ಸಿಹಿ, ಎರಡು ಬಗೆಯ ಕರಿದ ತಿಂಡಿಗಳಿದ್ದುವು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

2004ರಲ್ಲಿ ಪ್ರಕಟವಾದ, 52 ದೇಶಗಳನ್ನೊಳಗೊಂಡ ‘ಇಂಟರ್‌ಹಾರ್ಟ್’ ಅಧ್ಯಯನವು ಪ್ರಥಮ ಹೃದಯಾಘಾತದ ಅಪಾಯದಲ್ಲಿ ಶೇಕಡ 90ರಷ್ಟು ಭಾಗಕ್ಕೆ ಒಂಬತ್ತು ಅಂಶಗಳು ಕಾರಣವೆಂದು ತೋರಿಸಿತು. ತಂಬಾಕು, ರಕ್ತದಲ್ಲಿನ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ ಇವು ಅವುಗಳಲ್ಲಿ ಸೇರಿವೆ. ಇವುಗಳಲ್ಲಿ ಯಾವುದು ಸಸ್ಯಾಹಾರಿಯ ಹೊಸ್ತಿಲನ್ನು ದಾಟಲಾರದು? ತಂಬಾಕು ಸಸ್ಯವೇ, ವನಸ್ಪತಿಯ ಹೆಸರೇ ವನಸ್ಪತಿ!

1953ರಲ್ಲಿ ಡಾ. ಜೆರಿ ಮಾರಿಸ್ ಅವರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಅಧ್ಯಯನವು, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯರೋಗ ಅಧಿಕವೆಂದು ತಿಳಿಸಿತು. ನಮ್ಮ ಅಂಗಡಿಗಳಲ್ಲಿ ಅಟ್ಟ ಹತ್ತಿಳಿಯುವವನು ಆಳು. ಕುಳಿತ ಚಾಲಕರು ನಾವು.

“ಆಯುಷ್ಯಕರ್ಮ ತೀರಿದಾಗ ಹೋಗಲೇಬೇಕು, ಪಥ್ಯದಿಂದೇನು?” ಎಂದು ಕೇಳುವವರಿದ್ದಾರೆ. ಅವರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವನ್ನು ಓದಲಿ. ದೇವ-ನಾರಕರು, ಚರಮದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು, ಇವರ ಆಯುಷ್ಯ ಮಾತ್ರ ನಡುವೆ ಕ್ಷೀಣಿಸದು. ನಮ್ಮಂಥವರ ಆಯುಷ್ಯವು ಬಾಹ್ಯ ಕಾರಣಗಳಿಂದ ಕಿರಿದಾಗಬಲ್ಲದು. ಪ್ರಮಾದದಿಂದ ಪ್ರಾಣಗಳಿಗೆ ಘಾತ ಮಾಡುವುದೇ ಹಿಂಸೆಯೆಂದೂ ಅದೇ ಗ್ರಂಥ ಹೇಳುತ್ತದೆ. ಆ ಪ್ರಾಣಗಳಲ್ಲಿ ನಮ್ಮವೂ ಸೇರಿವೆ. ಇರುವೆಯನ್ನು ಕಂಡು ಕಾಲು ಹಿಂತೆಗೆಯುವ ನಾವು ಸ್ವಂತ ಹೃದಯದ ಮೇಲೆ ಕಾಲಿಡುತ್ತಿದ್ದೇವೆ.

ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. ಬಾಹ್ಯತಪಗಳು ಆರು. ಮೊದಲನೆಯದು ಅನಶನ, ಅದನ್ನು ಆಚರಿಸಿ ಮೆರವಣಿಗೆ ಮಾಡಿಸಿಕೊಳ್ಳುತ್ತೇವೆ. ಎರಡನೆಯದು ಅವಮೌದರ್ಯ, ಹಸಿವಿಗಿಂತ ಕಡಿಮೆ ಉಣ್ಣುವುದು. ಅದಕ್ಕೆ ಮೆರವಣಿಗೆಯಿಲ್ಲ, ಆದ್ದರಿಂದ ಆಚರಣೆಯೂ ಇಲ್ಲ. ನಾಲ್ಕನೆಯದು ರಸಪರಿತ್ಯಾಗ. ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳನ್ನು ತ್ಯಜಿಸಬೇಕಾದ ರಸಗಳೆಂದು ನಮ್ಮ ಆಚಾರ್ಯರು ಎಂದೋ ಎಣಿಸಿದ್ದಾರೆ. ಇಂದು ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಚಹಾ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆನ್ನುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆಯಂಥ ಶ್ರಮ ಬೇಕೆನ್ನುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದು ಬಸದಿಗೆ ಹೋಗಿ ಬಂದರೆ ಲೆಕ್ಕ ಸರಿಹೋಯಿತು. ಕಾರನ್ನು ಗರ್ಭಗುಡಿಯವರೆಗೆ ಒಯ್ಯಲಾಗದಿರುವುದೊಂದೇ ಈಗ ನಮ್ಮ ವ್ಯಾಯಾಮ!

ಧರ್ಮದರ್ಶಿಗಳಲ್ಲಿ ನನ್ನ ಕೋರಿಕೆಗಳು ಇಷ್ಟು. ಸಮುದಾಯ ಭೋಜನದಲ್ಲಿ ಒಂದೇ ಸಿಹಿಯಿರಲಿ. ಕರಿದದ್ದರ ಬದಲು ಹೆಸರುಬೇಳೆ ಕೋಸಂಬರಿ, ಸೋರೆ, ಹೀರೆ, ಪಡವಲಗಳ ಪಲ್ಯ ಧಾರಾಳವಾಗಿರಲಿ. ಉಪ್ಪು, ಉಪ್ಪಿನಕಾಯಿ, ಹಪ್ಪಳಗಳನ್ನು ಕೇಳಿದವರಿಗೆ ಮಾತ್ರ ಬಡಿಸಲಿ. ವನಸ್ಪತಿ ಅಡುಗೆಮನೆಗೆ ಬಾರದಿರಲಿ. ಕಿರಾಣಿ ವ್ಯಾಪಾರಿಯಾಗಿ ನಾನೂ ಆ ಡಬ್ಬಗಳನ್ನು ಮಾರಿದವನು. ಎಣ್ಣೆ-ಕೊಬ್ಬುಗಳಲ್ಲಿನ ಟ್ರಾನ್ಸ್ ಕೊಬ್ಬನ್ನು ಶೇಕಡ 2ಕ್ಕೆ ಮಿತಿಗೊಳಿಸುವ ಸರ್ಕಾರದ ನಿಯಮ 2022ರಿಂದ ಜಾರಿಯಲ್ಲಿದೆ. ವ್ರತಧಾರಿಗಳಾದ ನಾವು ಸರ್ಕಾರಕ್ಕಿಂತ ಹಿಂದುಳಿದಿದ್ದೆವೆಂಬುದು ಹೆಮ್ಮೆಯ ವಿಷಯವಲ್ಲ. ಪರ್ವಕಾಲದಲ್ಲಿ ವೈದ್ಯಬಂಧುವೊಬ್ಬರನ್ನು ಕರೆಸಿ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಮಾಡಿಸಲಿ. ದೀರ್ಘ ಉಪವಾಸ ಕೈಗೊಳ್ಳುವ ಹಿರಿಯರು ವೈದ್ಯರನ್ನು ಕೇಳದೆ ನಿತ್ಯದ ಮಾತ್ರೆಗಳನ್ನು ನಿಲ್ಲಿಸದಂತೆ ಎಚ್ಚರಿಸಲಿ. ಎದೆ ಹಿಂಡಿದಂತಾಗಿ ಬೆವರೊಡೆದರೆ ಓಮಿನ ನೀರಿಗೆ ಕಾಯದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಪ್ರತಿ ಮನೆಗೂ ತಿಳಿಸಲಿ.

“ಬಡಿಸುವುದು ಪುಣ್ಯ, ಕಡಿತ ಮಾಡಿದರೆ ದಾನಿಗಳು ಮುನಿಯುತ್ತಾರೆ” ಎಂಬುದು ಟ್ರಸ್ಟುಗಳ ಹಳೆಯ ಉತ್ತರ. ಉಣ್ಣುವವನ ಹಿತವನ್ನು ನೋಡದ ದಾನ ಎಂಥ ದಾನ? ಮೂರು ಸಿಹಿಗಳ ಬೆಲೆಯಲ್ಲಿ ಎಷ್ಟು ಬಡವರಿಗೆ ರಕ್ತದೊತ್ತಡದ ಮಾತ್ರೆ ಕೊಡಿಸಬಹುದೆಂದು ದಾನಿಗಳೇ ಲೆಕ್ಕ ಹಾಕಲಿ. ಔಷಧದಾನವೂ ಚತುರ್ವಿಧ ದಾನಗಳಲ್ಲಿ ಒಂದಲ್ಲವೇ?

ಈ ವರ್ಷ ತಮ್ಮನ ಪುಣ್ಯತಿಥಿಗೆ ಎಲೆಯ ಮೇಲೆ ಒಂದೇ ಸಿಹಿ ಇತ್ತು. ಕೆಲವರು ನನ್ನನ್ನು ಜಿಪುಣನೆಂದರು. ಅವನು ಬದುಕಿದ್ದಾಗಲೇ ನಾನು ಆ ಹೆಸರು ಪಡೆದಿರಬೇಕಾಗಿತ್ತು.