ಮೀಟರ್ ಅವರ ಮನೇಲಿ, ಬೈಗುಳ ನಮಗೆ

ಪ್ರತಿ ತಿಂಗಳ ಮೊದಲ ವಾರ ನಮ್ಮ ಆಫೀಸಲ್ಲಿ ಒಂದು ಮೈಲ್ ಬರತ್ತೆ. ಎಕ್ಸೆಲ್ ಶೀಟಿನ ಸ್ಕ್ರೀನ್‌ಶಾಟು, ಅದರಲ್ಲಿ ನಾಲ್ಕೈದು ಕೆಂಪು ಸಾಲು. ಈ ಟೀಮುಗಳ ಕ್ಲೌಡ್ ಖರ್ಚು ಜಾಸ್ತಿಯಾಗಿದೆ, ಕಾರಣ ಕೊಡಿ ಅಂತ. ಹೋದ ತಿಂಗಳು ಆ ಕೆಂಪಿನಲ್ಲಿ ನಾವೂ ಇದ್ವಿ. ಕಾರಣ ಕೊಡೋಕೆ ಸಿಕ್ಕಿದ್ದು ಕಾಲೇಜು ಮುಗಿಸಿ ಎಂಟು ತಿಂಗಳಾಗಿರೋ ಹುಡುಗ. ಇಪ್ಪತ್ತು ಜನ ಇದ್ದ ಕಾಲ್‌ನಲ್ಲಿ ದೊಡ್ಡವರೊಬ್ಬರು, "ನಿಮ್ಮಪ್ಪನ ಮನೆ ದುಡ್ಡಾಗಿದ್ರೆ ಹೀಗೆ ಸುರೀತಿದ್ಯಾ?" ಅಂದ್ರು. ಅವನು ಮ್ಯೂಟ್ ತೆಗೀಲೇ ಇಲ್ಲ.

ಅವನು ಮಾಡಿದ ಘನಂದಾರಿ ತಪ್ಪು ಇಷ್ಟು. ಸರ್ವರು ಎಸ್‌ತ್ರೀಯಿಂದ ಫೈಲ್ ಓದ್ತಿತ್ತು, ಆ ಡೇಟಾ ಎಲ್ಲಾ ನ್ಯಾಟ್ ಗೇಟ್‌ವೇ ಮೂಲಕ ಹರೀತಿತ್ತು. ಎಡಬ್ಲ್ಯೂಎಸ್‌ನ ವರ್ಜೀನಿಯಾ ರೀಜನ್ನಿನಲ್ಲಿ ಅದಕ್ಕೆ ಜಿಬಿಗೆ 4.5 ಸೆಂಟು. 10,000 ಜಿಬಿ ಹರಿದರೆ 450 ಡಾಲರು. ಎಸ್‌ತ್ರೀಗೆ ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿದ್ರೆ ಈ ಖರ್ಚೇ ಇಲ್ಲ, ಎಂಡ್‌ಪಾಯಿಂಟ್ ಪುಕ್ಕಟೆ. ಹತ್ತು ನಿಮಿಷದ ಕೆಲಸ. ಎರಡನೇ ದಿನ ಗೊತ್ತಾಗಿದ್ರೆ ಮೂರನೇ ದಿನ ಸರಿ ಮಾಡಿರ್ತಿದ್ದ. ಗೊತ್ತಾಗೋದು ಹೇಗೆ ಸ್ವಾಮಿ? ಅವನ ಲಾಗಿನ್‌ನಲ್ಲಿ ಕಾಸ್ಟ್ ಎಕ್ಸ್‌ಪ್ಲೋರರ್ ತೆಗೆದರೆ ಅನುಮತಿ ಇಲ್ಲ ಅನ್ನತ್ತೆ!

ನಮ್ಮಲ್ಲಿ ಅರವತ್ತು ಚಿಲ್ಲರೆ ಅಕೌಂಟುಗಳಿವೆ. ಎಲ್ಲದರ ಖರ್ಚು ಒಟ್ಟಾಗಿ ಒಂದೇ ಬಿಲ್ಲಾಗಿ ಮ್ಯಾನೇಜ್‌ಮೆಂಟ್ ಅಕೌಂಟಿಗೆ ಹೋಗತ್ತೆ. ಕೂಡು ಕುಟುಂಬದಲ್ಲಿ ಅಂಗಡಿಯ ಉದ್ರಿ ಲೆಕ್ಕ ದೊಡ್ಡಪ್ಪನ ಹತ್ರ ಇದ್ದಂಗೆ. ಇದರಲ್ಲಿ ತಪ್ಪೇನಿಲ್ಲ, ಒಟ್ಟಿಗೆ ಕೊಂಡರೆ ದರವೂ ಇಳಿಯತ್ತೆ. ಆದ್ರೆ ದೊಡ್ಡಪ್ಪ ಪುಸ್ತಕ ಬಚ್ಚಿಟ್ಟುಕೊಂಡು, ತಿಂಗಳ ಕೊನೇಲಿ ಸೊಸೆಯಂದಿರನ್ನ ಸಾಲಾಗಿ ನಿಲ್ಲಿಸಿ ಸಕ್ಕರೆ ಯಾಕೆ ಇಷ್ಟು ಖರ್ಚಾಯ್ತು ಅಂತ ಕೇಳಿದ್ರೆ?

ಆ ಕೆಂಪು ಸಾಲಿನ ಲೆಕ್ಕವಾದ್ರೂ ನೆಟ್ಟಗಿದ್ಯಾ? ಒಂದು ಅಕೌಂಟಿನಲ್ಲಿ ಸೇವಿಂಗ್ಸ್ ಪ್ಲ್ಯಾನ್ ಕೊಂಡರೆ ರಿಯಾಯಿತಿ ಮೊದಲು ಆ ಅಕೌಂಟಿಗೇ ಸಿಗತ್ತೆ. ಮಿಕ್ಕಿದ್ದು, ಬೇಡ ಅಂತ ಆಫ್ ಮಾಡದಿದ್ರೆ, ಉಳಿದ ಅಕೌಂಟುಗಳಿಗೆ ಹಂಚಿಹೋಗತ್ತೆ. ಮಾರ್ಚಿನಲ್ಲಿ ಪಕ್ಕದ ಟೀಮು ಕಡಿಮೆ ಬಳಸಿತ್ತು, ಮಿಕ್ಕ ರಿಯಾಯಿತಿ ನಮಗೆ ಬಂತು, ನಮ್ಮ ಖರ್ಚು ಇಳೀತು. ಶಭಾಷ್ ಅಂದ್ರು. ಏಪ್ರಿಲ್‌ನಲ್ಲಿ ಅವರು ಪೂರ್ತಿ ಬಳಸಿಕೊಂಡ್ರು, ನಮ್ಮದು ಏರಿತು. ಬೈದ್ರು. ಎರಡೂ ತಿಂಗಳು ನಮ್ಮ ಸರ್ವರುಗಳು ಅವೇ, ಅಷ್ಟೇ! ಶೀಟು ಮಾಡೋರು ಅನ್‌ಬ್ಲೆಂಡೆಡ್ ಕಾಸ್ಟ್ ಕಾಲಮ್ ಎತ್ತಿ ಅಂಟಿಸ್ತಾರೆ, ಅಮೋರ್ಟೈಸ್ಡ್ ಅಂತ ಇನ್ನೊಂದು ಲೆಕ್ಕ ಇದೆ ಅಂದ್ರೆ ನಾವು ನೆಪ ಹೇಳ್ತಿದೀವಿ ಅಂದ್ಕೋತಾರೆ.

ಟ್ಯಾಗಿನ ಕಥೆ ಬೇರೆ. ಪ್ರತಿಯೊಂದಕ್ಕೂ ಟ್ಯಾಗ್ ಹಾಕಿ ಅಂತ ಆಜ್ಞೆ. ಹುಡುಗ ನಿಯತ್ತಾಗಿ ಹಾಕಿದ್ದ. ಅದು ಬಿಲ್ಲಿನ ವರದಿಯಲ್ಲಿ ಕಾಣಬೇಕಾದ್ರೆ ಮ್ಯಾನೇಜ್‌ಮೆಂಟ್ ಅಕೌಂಟಿನವರು ಆಕ್ಟಿವೇಟ್ ಮಾಡಬೇಕು. ಮಾಡಿರಲಿಲ್ಲ. ಆಮೇಲೆ ಅವರೇ ನಿಮ್ಮ ಟೀಮು ಟ್ಯಾಗ್ ಹಾಕಿಲ್ಲ ಅಂತ ಬರೆದ್ರು. (2024ರಿಂದ ಹಿಂದಿನ ಹನ್ನೆರಡು ತಿಂಗಳವರೆಗೆ ಟ್ಯಾಗ್ ತುಂಬಿಸೋ ಸೌಲಭ್ಯ ಬಂದಿದೆ. ಅದನ್ನೂ ಒತ್ತಬೇಕಾದವರು ಅವರೇ.)

ಊರಲ್ಲಿ ನಮ್ಮಪ್ಪನಿಗೆ ಗೃಹಜ್ಯೋತಿಯಿಂದಾಗಿ ಕರೆಂಟ್ ಬಿಲ್ಲು ಸೊನ್ನೆ. ಆದ್ರೂ ವಾರಕ್ಕೊಂದು ಸಲ ಮೀಟರ್ ನೋಡಿ ಕ್ಯಾಲೆಂಡರ್ ಮೇಲೆ ಯೂನಿಟ್ ಬರೆದಿಡ್ತಾರೆ. 200 ದಾಟಿದ್ರೆ ಪೂರ್ತಿ ಕಟ್ಟಬೇಕಲ್ಲ! ಬಿ.ಇ. ಓದಿಲ್ಲ ಅವರು. ಮೀಟರ್ ಗೋಡೆ ಮೇಲಿದೆ, ಕಣ್ಣಿಗೆ ಕಾಣತ್ತೆ, ಅಷ್ಟೇ.

ಬಿಲ್ಲಿನಲ್ಲಿ ಕಂಪನಿಗೆ ಸಿಕ್ಕ ವಿಶೇಷ ರಿಯಾಯಿತಿ ಇರತ್ತೆ, ಅದು ಗುಟ್ಟು ಅಂತಾರೆ. ಒಪ್ಪೋಣ. ಕಾಸ್ಟ್ ಮ್ಯಾನೇಜ್‌ಮೆಂಟ್ ಪ್ರಿಫರೆನ್ಸಸ್‌ನಲ್ಲಿ ರಿಯಾಯಿತಿ, ಕ್ರೆಡಿಟ್ ಮುಚ್ಚಿಟ್ಟು ಉಳಿದಿದ್ದನ್ನ ಮಾತ್ರ ಸದಸ್ಯ ಅಕೌಂಟುಗಳಿಗೆ ತೋರಿಸೋ ಆಯ್ಕೆ ಇದೆ. ಎರಡು ಟಿಕ್ ಮಾರ್ಕು. ಪರದೆ ಮೇಲೆ ನೋಡೋಕೆ ಚಾರ್ಜೂ ಇಲ್ಲ. ಹಂಗಾಗಿ ಗುಟ್ಟು ಅನ್ನೋದು ನೆಪ. ಎಲ್ಲರಿಗೂ ಕಂಡರೆ ತಿಂಗಳಿಗೊಂದು ಸಲ ಶೀಟು ಹಿಡಿದು ಹೆದರಿಸೋ ಅಧಿಕಾರ ಹೋಗತ್ತಲ್ಲ, ಕಷ್ಟ ಇರೋದು ಅಲ್ಲಿ.

ನಮ್ಮ ಟೀಮಿಗೆ ಬರೀ ಓದೋಕೆ ಅನುಮತಿ ಕೊಡಿ ಅಂತ ಮೂರನೇ ಸಲ ಟಿಕೆಟ್ ಹಾಕಿದೀನಿ. ಮೊದಲೆರಡು ತಾನಾಗೇ ಕ್ಲೋಸ್ ಆದ್ವು. ಈ ಸಲದ್ದಕ್ಕೆ ನಿನ್ನೆ ಉತ್ತರ ಬಂದಿದೆ, ಇದರಿಂದ ಕಂಪನಿಗೆ ಎಷ್ಟು ಉಳಿತಾಯ ಆಗತ್ತೆ ಅಂತ ಅಂಕಿ ಸಮೇತ ಬರೆದು ಕಳಿಸಬೇಕಂತೆ.